ಇಂಟೆಗ್ರಿಟಿ ಹ್ಯಾಶ್ ತಾಳೆಯಾಗದೆ ಸ್ಕ್ರಿಪ್ಟ್ ನಿಂತುಹೋದಾಗ: ದೋಷ ಹುಡುಕುವ ದಾರಿ

ಪುಟ ತೆರೆಯುತ್ತದೆ, ಆದರೆ ಮೆನು ಬಿಚ್ಚಿಕೊಳ್ಳುವುದಿಲ್ಲ. ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಇಲ್ಲವೇ ಬಣ್ಣ, ಅಂತರ ಎಲ್ಲ ಹೋಗಿ ಬರೀ ಅಕ್ಷರ ಉಳಿದಿರುತ್ತದೆ. ಮಜಾ ಅಂದರೆ ನೀವು ಯಾವ ಫೈಲನ್ನೂ ಮುಟ್ಟಿಲ್ಲ. ಎಫ್12 ಒತ್ತಿ ಕನ್ಸೋಲ್ ನೋಡಿದರೆ ಅಲ್ಲೊಂದು ಕೆಂಪು ಸಾಲು. ಕ್ರೋಮ್‌ನಲ್ಲಾದರೆ ಅದು ‘ಫೇಲ್ಡ್ ಟು ಫೈಂಡ್ ಎ ವ್ಯಾಲಿಡ್ ಡೈಜೆಸ್ಟ್’ ಎಂದು ಶುರುವಾಗಿ, ಫೈಲ್ ಬ್ಲಾಕ್ ಆಗಿದೆ ಎಂದು ಮುಗಿಯುತ್ತದೆ.

ಆಗಿರುವುದು ಇಷ್ಟು. ಹೊರಗಿನಿಂದ ತರಿಸುವ ಆ ಸ್ಕ್ರಿಪ್ಟ್ ಅಥವಾ ಸ್ಟೈಲ್‌ಶೀಟ್‌ನ ಟ್ಯಾಗ್‌ನಲ್ಲಿ ಯಾರೋ ಇಂಟೆಗ್ರಿಟಿ ಅಟ್ರಿಬ್ಯೂಟ್ ಬರೆದಿದ್ದಾರೆ. ಅದರಲ್ಲಿ ಫೈಲಿನ ಹ್ಯಾಶ್ ಇದೆ, ಅಂದರೆ ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಗುರುತು. ಬ್ರೌಸರ್ ಫೈಲನ್ನು ಇಳಿಸಿಕೊಂಡು, ತಾನೇ ಹ್ಯಾಶ್ ಲೆಕ್ಕ ಹಾಕಿ, ಬರೆದಿಟ್ಟದ್ದರ ಜೊತೆ ತಾಳೆ ನೋಡಿತು. ತಾಳೆಯಾಗಲಿಲ್ಲ. ಒಂದೇ ಒಂದು ಬೈಟ್ ಬೇರೆ ಇದ್ದರೂ ಅದು ಫೈಲನ್ನು ಓಡಿಸುವುದಿಲ್ಲ. ಈ ವ್ಯವಸ್ಥೆಗೆ ಸಬ್‌ರಿಸೋರ್ಸ್ ಇಂಟೆಗ್ರಿಟಿ, ಚಿಕ್ಕದಾಗಿ ಎಸ್‌ಆರ್‌ಐ ಅನ್ನುತ್ತಾರೆ. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗೆ 2015ರಲ್ಲೇ ಬಂತು. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಇದನ್ನು 2016ರ ಜೂನ್‌ನಲ್ಲಿ ಶಿಫಾರಸು ಮಟ್ಟಕ್ಕೆ ಏರಿಸಿತು. ಈಗ ಬಳಕೆಯಲ್ಲಿರುವ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಇದೆ.

ಮೊದಲು ಮಾಡಬಾರದ ಎರಡು ಕೆಲಸ

ಇಂಟೆಗ್ರಿಟಿ ಅಟ್ರಿಬ್ಯೂಟನ್ನು ಅಳಿಸಿಬಿಟ್ಟರೆ ಪುಟ ತಕ್ಷಣ ಸರಿಹೋಗುತ್ತದೆ. ಇನ್ನೊಂದು ಶಾರ್ಟ್‌ಕಟ್ ಕೂಡ ಇದೆ. ಕೆಂಪು ಸಾಲಿನಲ್ಲೇ ಬ್ರೌಸರ್ ತಾನು ಲೆಕ್ಕ ಹಾಕಿದ ಹ್ಯಾಶನ್ನು ತೋರಿಸಿರುತ್ತದೆ. ಅದನ್ನೇ ಕಾಪಿ ಮಾಡಿ ಟ್ಯಾಗ್‌ಗೆ ಹಾಕಿದರೂ ಪುಟ ಓಡುತ್ತದೆ. ಸಂಜೆ ಆರು ಗಂಟೆಗೆ, ಮೇಲಿನವರು ತಲೆ ತಿನ್ನುತ್ತಿರುವಾಗ ಇದನ್ನು ಮಾಡುವವರೇ ಜಾಸ್ತಿ. ಮನೆಗೆ ಬಂದ ಗ್ಯಾಸ್ ಸಿಲಿಂಡರ್‌ನ ಸೀಲು ಒಡೆದಿದ್ದರೆ ನಾವೇ ಹೊಸ ಸೀಲು ಅಂಟಿಸಿ ಒಲೆ ಹಚ್ಚುತ್ತೇವಾ? ಫೈಲ್ ಯಾಕೆ ಬದಲಾಯಿತು ಎಂದು ತಿಳಿಯದೆ ಹೊಸ ಹ್ಯಾಶ್ ಹಾಕುವುದು ಅಂಥದ್ದೇ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2018ರ ಫೆಬ್ರವರಿ 11ರಂದು ಬ್ರೌಸ್‌ಅಲೌಡ್ ಎಂಬ, ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರಿಪ್ಟ್‌ನೊಳಗೆ ಯಾರೋ ಕಾಯಿನ್‌ಹೈವ್ ಮೈನರ್ ಸೇರಿಸಿದರು. ಆ ಒಂದು ಫೈಲನ್ನು ಬಳಸುತ್ತಿದ್ದ 4,000ಕ್ಕೂ ಹೆಚ್ಚು ಸೈಟುಗಳು ನೋಡುಗರ ಕಂಪ್ಯೂಟರ್‌ನಲ್ಲಿ ಕ್ರಿಪ್ಟೊ ಹಣ ಅಗೆಯತೊಡಗಿದವು. ಬ್ರಿಟನ್‌ನ ಮಾಹಿತಿ ಆಯುಕ್ತರ ಕಚೇರಿಯ ಸೈಟೂ ಅದರಲ್ಲಿತ್ತು. ಟ್ಯಾಗ್‌ನಲ್ಲಿ ಸರಿಯಾದ ಹ್ಯಾಶ್ ಇದ್ದಿದ್ದರೆ ಆ ದಿನ ಕಾಣುತ್ತಿದ್ದದ್ದು ನಿಮ್ಮ ಕನ್ಸೋಲ್‌ನಲ್ಲಿ ಈಗ ಕಾಣುತ್ತಿರುವ ಇದೇ ಕೆಂಪು ಸಾಲು.

ನೂರಕ್ಕೆ ತೊಂಬತ್ತು ಪಾಲು ಕಾರಣ ಸಣ್ಣದೇ ಇರುತ್ತದೆ ಅಂತ ನನ್ನ ಅನಿಸಿಕೆ. ಆದರೂ ಯಾವುದು ಎಂದು ಗೊತ್ತಾಗುವವರೆಗೆ ಟ್ಯಾಗ್ ಮುಟ್ಟಬೇಡಿ. ಪುಟ ಈಗಲೇ ಓಡಲೇಬೇಕು ಅಂದರೆ, ಮೊದಲಿನ ಹ್ಯಾಶ್‌ಗೆ ತಾಳೆಯಾಗುವ ಹಳೆಯ ಪ್ರತಿ ನಿಮ್ಮ ಬಳಿ ಇದ್ದರೆ ಅದನ್ನು ನಿಮ್ಮ ಸರ್ವರ್‌ನಿಂದಲೇ ಕೊಡಿ. ಹುಡುಕಾಟ ಆಮೇಲೆ ನಿಧಾನವಾಗಿ ಆಗಲಿ.

ಕನ್ಸೋಲ್ ನಿಜವಾಗಿ ಏನು ಹೇಳುತ್ತಿದೆ

ಕೆಂಪು ಸಾಲು ಅಂದ ತಕ್ಷಣ ಎಲ್ಲ ಒಂದೇ ಅಲ್ಲ. ಪೂರ್ತಿ ಓದಿ. ‘ಡೈಜೆಸ್ಟ್ ಸಿಗಲಿಲ್ಲ’ (ಡೈಜೆಸ್ಟ್ ಅಂದರೆ ಹ್ಯಾಶೇ) ಎಂಬರ್ಥದ ಸಾಲು ಬಂದು, ಪಕ್ಕದಲ್ಲಿ ಬ್ರೌಸರ್ ಲೆಕ್ಕ ಹಾಕಿದ ಹ್ಯಾಶ್ ಇದ್ದರೆ, ತಾಳೆ ನೋಡುವ ಕೆಲಸ ನಡೆದಿದೆ, ಎರಡು ಹ್ಯಾಶ್ ಬೇರೆ ಬೇರೆ ಬಂದಿವೆ. ಫೈರ್‌ಫಾಕ್ಸ್ ಇದನ್ನೇ ‘ಯಾವ ಹ್ಯಾಶೂ ಫೈಲಿನ ಜೊತೆ ಹೊಂದುತ್ತಿಲ್ಲ’ ಎಂಬ ಧಾಟಿಯಲ್ಲಿ ಹೇಳುತ್ತದೆ.

ಸಾಲಿನಲ್ಲಿ ‘ಕಾರ್ಸ್’ (ಬೇರೆ ಡೊಮೇನ್‌ನ ಫೈಲ್ ಓದಲು ಅನುಮತಿ ಕೊಡುವ ವ್ಯವಸ್ಥೆ) ಎಂಬ ಪದ ಬಂದಿದ್ದರೆ ಕಥೆ ಬೇರೆ. ಅಲ್ಲಿ ಹ್ಯಾಶ್ ತಪ್ಪಿಲ್ಲ, ಬ್ರೌಸರ್‌ಗೆ ಫೈಲಿನ ಒಳಗೆ ಇಣುಕಿ ನೋಡಲು ಅನುಮತಿಯೇ ಸಿಕ್ಕಿಲ್ಲ. ಬೇರೆ ಡೊಮೇನ್‌ನ ಫೈಲ್ ಆದರೆ ಎರಡು ಕಡೆ ಒಪ್ಪಿಗೆ ಬೇಕು. ನಿಮ್ಮ ಟ್ಯಾಗ್‌ನಲ್ಲಿ ಕ್ರಾಸ್‌ಒರಿಜಿನ್ ಅಟ್ರಿಬ್ಯೂಟ್ ಇರಬೇಕು, ಅದರಲ್ಲಿ ‘ಅನಾನಿಮಸ್’ ಎಂದು ಬರೆದಿರಬೇಕು. ಆ ಕಡೆಯ ಸರ್ವರ್ ‘ಆಕ್ಸೆಸ್-ಕಂಟ್ರೋಲ್-ಅಲೌ-ಒರಿಜಿನ್’ ಹೆಡರ್ ಕಳಿಸಬೇಕು, ಅದರಲ್ಲಿ ನಕ್ಷತ್ರ ಚಿಹ್ನೆ ಅಥವಾ ನಿಮ್ಮ ಡೊಮೇನ್ ಇರಬೇಕು. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಆ ಫೈಲಿನ ಮೇಲೆ ಕ್ಲಿಕ್ ಮಾಡಿ ರೆಸ್ಪಾನ್ಸ್ ಹೆಡರ್ ನೋಡಿದರೆ ಸಾಕು, ತಪ್ಪು ಯಾರ ಕಡೆ ಎಂದು ಗೊತ್ತಾಗುತ್ತದೆ.

ಇಲ್ಲಿ ಎರಡು ಸಣ್ಣ ಗುಂಡಿಗಳಿವೆ. ‘ಅನಾನಿಮಸ್’ ಬದಲು ‘ಯೂಸ್-ಕ್ರೆಡೆನ್ಶಿಯಲ್ಸ್’ ಬರೆದರೆ ನಕ್ಷತ್ರ ಚಿಹ್ನೆಯ ಅನುಮತಿ ನಡೆಯುವುದಿಲ್ಲ. ಎರಡನೆಯದು, ಟ್ಯಾಗನ್ನು ಜಾವಾಸ್ಕ್ರಿಪ್ಟ್‌ನಿಂದ ಹುಟ್ಟಿಸುವಾಗ ಆ ಪ್ರಾಪರ್ಟಿಯಲ್ಲಿ ‘ಒರಿಜಿನ್’ನ ಮೊದಲ ಅಕ್ಷರ ದೊಡ್ಡದಾಗಿರಬೇಕು. ಎಚ್‌ಟಿಎಂಎಲ್‌ನಲ್ಲಿ ಬರೆದ ರೂಢಿಯಲ್ಲಿ ಪೂರ್ತಿ ಸಣ್ಣಕ್ಷರ ಬಳಸಿದರೆ ಎರರ್ ಬರುವುದಿಲ್ಲ, ಸುಮ್ಮನೆ ಕೆಲಸಕ್ಕೆ ಬಾರದ ಒಂದು ಹೊಸ ಪ್ರಾಪರ್ಟಿ ಹುಟ್ಟಿಕೊಳ್ಳುತ್ತದೆ. ಕೋಡ್ ನೋಡಿದರೆ ಎಲ್ಲ ಸರಿಯಿದೆ ಅನಿಸುತ್ತದೆ, ಫೈಲ್ ಮಾತ್ರ ಬ್ಲಾಕ್.

ಎಚ್‌ಟಿಎಂಎಲ್ ಫೈಲನ್ನು ಸರ್ವರ್ ಇಲ್ಲದೆ, ಫೋಲ್ಡರ್‌ನಿಂದ ನೇರ ಡಬಲ್ ಕ್ಲಿಕ್ ಮಾಡಿ ತೆರೆದು ಪರೀಕ್ಷೆ ಮಾಡುತ್ತಿದ್ದರೆ, ಪಕ್ಕದಲ್ಲೇ ಇರುವ ಫೈಲೂ ಬ್ಲಾಕ್ ಆಗಬಹುದು. ಒಂದು ಲೋಕಲ್ ಸರ್ವರ್ ಹಾಕಿಕೊಂಡು ನೋಡಿ, ಮುಂದಕ್ಕೆ ಹೋಗಿ.

ಬರೆದಿಟ್ಟ ಹ್ಯಾಶ್ ನೆಟ್ಟಗಿದೆಯಾ?

ಫೈಲನ್ನು ಅನುಮಾನಿಸುವ ಮೊದಲು ಹ್ಯಾಶನ್ನೇ ಅನುಮಾನಿಸಿ. ಅದಕ್ಕೆ ಯಾವ ಟೂಲೂ ಬೇಡ, ಅಕ್ಷರ ಎಣಿಸಿದರೆ ಆಯಿತು. ಎಸ್‌ಆರ್‌ಐ ಒಪ್ಪುವುದು ಶಾ-256, ಶಾ-384, ಶಾ-512 ಈ ಮೂರನ್ನೇ. ಅಲ್ಗಾರಿದಮ್ ಹೆಸರು, ಒಂದು ಹೈಫನ್, ಆಮೇಲೆ ಬೇಸ್64 ರೂಪದ (ಬೈಟ್‌ಗಳನ್ನು 64 ಬಗೆಯ ಅಕ್ಷರಗಳಲ್ಲಿ ಬರೆಯುವ ರೀತಿ) ಹ್ಯಾಶ್. ಹೈಫನ್ ನಂತರದ ಭಾಗ ಶಾ-256ಕ್ಕೆ 44 ಅಕ್ಷರ, ಕೊನೆಗೆ ಒಂದು ಸಮ ಚಿಹ್ನೆ. ಶಾ-384ಕ್ಕೆ ಸರಿಯಾಗಿ 64 ಅಕ್ಷರ, ಕೊನೆಗೆ ಸಮ ಚಿಹ್ನೆ ಇರುವುದಿಲ್ಲ. ಶಾ-512ಕ್ಕೆ 88 ಅಕ್ಷರ, ಕೊನೆಗೆ ಎರಡು ಸಮ ಚಿಹ್ನೆ.

ಎಣಿಕೆ ಹೊಂದದಿದ್ದರೆ ಹೆಚ್ಚಾಗಿ ಹ್ಯಾಶ್ ಹೆಕ್ಸ್ ರೂಪದಲ್ಲಿದೆ, ಅಂದರೆ ಒಂದೊಂದು ಬೈಟನ್ನೂ ಎರಡು ಅಕ್ಷರದಲ್ಲಿ ಬರೆದ ರೂಪ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಓಡಿಸಿದರೂ, ಸರ್ಟ್‌ಯುಟಿಲ್ ಓಡಿಸಿದರೂ, ಲಿನಕ್ಸ್‌ನ ಶಾ384ಸಮ್ ಓಡಿಸಿದರೂ ಬರುವುದು ಹೆಕ್ಸ್. ಶಾ-384 ಹೆಕ್ಸ್‌ನಲ್ಲಿ 96 ಅಕ್ಷರ ಇರುತ್ತದೆ, ಅಂಕಿಗಳೂ ಎ-ಯಿಂದ ಎಫ್-ವರೆಗಿನ ಅಕ್ಷರಗಳೂ ಬಿಟ್ಟರೆ ಬೇರೇನೂ ಇರುವುದಿಲ್ಲ. ಬೇಸ್64ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ, ಪ್ಲಸ್, ಓರೆಗೆರೆ ಎಲ್ಲ ಕಲಸಿಕೊಂಡಿರುತ್ತದೆ. ನೋಡಿದ ಕೂಡಲೇ ಗುರುತು ಸಿಗುತ್ತದೆ.

ಇದಕ್ಕಿಂತ ಕಳ್ಳ ತಪ್ಪೊಂದಿದೆ. ‘ಬೇಸ್64 ಬೇಕಂತೆ’ ಎಂದು ಯಾರೋ ಹೆಕ್ಸ್ ಅಕ್ಷರಗಳನ್ನೇ ಆನ್‌ಲೈನ್ ಬೇಸ್64 ಟೂಲ್‌ಗೆ ಹಾಕಿ ತೆಗೆಯುತ್ತಾರೆ. ಅದು ಹ್ಯಾಶ್‌ನ ಬೇಸ್64 ಅಲ್ಲ, ಹ್ಯಾಶನ್ನು ಬರೆದ ಅಕ್ಷರಗಳ ಬೇಸ್64. ಶಾ-256 ಹೆಕ್ಸ್‌ಗೆ ಹೀಗೆ ಮಾಡಿದರೆ 64 ಅಕ್ಷರ ಹೋಗಿ 88 ಆಗುತ್ತದೆ, ಕೊನೆಗೆ ಎರಡು ಸಮ ಚಿಹ್ನೆ. ಅಂದರೆ ಉದ್ದದಲ್ಲಿ ಥೇಟ್ ಶಾ-512! ಆದರೆ ಹಿಡಿಯಲು ಒಂದು ಉಪಾಯವಿದೆ. ಹೆಕ್ಸ್‌ನ ಮೊದಲ ಅಕ್ಷರ ಅಂಕಿಯಾಗಿದ್ದರೆ ಅದರ ಬೇಸ್64 ಎಂ, ಎನ್, ಓ ಈ ಮೂರು ದೊಡ್ಡಕ್ಷರಗಳಲ್ಲೊಂದರಿಂದಲೇ ಶುರುವಾಗುತ್ತದೆ. ಅಕ್ಷರವಾಗಿದ್ದರೆ ವೈ ಅಥವಾ ಝಡ್. ಹೆಕ್ಸ್ ಸಣ್ಣಕ್ಷರದಲ್ಲಿದ್ದಾಗ ಇದು ತಪ್ಪುವುದಿಲ್ಲ. ಹ್ಯಾಶ್ ಹಾಗೆ ಶುರುವಾಗಿದ್ದರೆ ಅನುಮಾನ ಪಟ್ಟು, ಡಿಕೋಡ್ ಮಾಡಿ ನೋಡಿ. ಓದಲು ಬರುವ ಹೆಕ್ಸ್ ಅಕ್ಷರಗಳು ಬಂದರೆ ಅಲ್ಲಿಗೆ ಕೇಸ್ ಮುಗಿಯಿತು.

ಸರಿಯಾದ ಕ್ರಮ ಹೀಗೆ: ಓಪನ್‌ಎಸ್‌ಎಸ್‌ಎಲ್‌ನ ಡಿಜಿಎಸ್‌ಟಿ ಕಮಾಂಡ್‌ಗೆ ಶಾ-384 ಆಯ್ಕೆಯ ಜೊತೆ ‘ಬೈನರಿ’ ಆಯ್ಕೆಯನ್ನೂ ಕೊಡಿ. ಬಂದದ್ದನ್ನು ಪೈಪ್ ಮೂಲಕ ಓಪನ್‌ಎಸ್‌ಎಸ್‌ಎಲ್‌ನದೇ ಬೇಸ್64 ಕಮಾಂಡ್‌ಗೆ ಹಾಯಿಸಿ. ಆ ಎರಡನೇ ಕಮಾಂಡ್‌ಗೆ ಹೈಫನ್ ಮತ್ತು ದೊಡ್ಡಕ್ಷರದ ಎ ಆಯ್ಕೆ ಮರೆಯಬೇಡಿ. ಅದಿಲ್ಲದಿದ್ದರೆ 64 ಅಕ್ಷರಕ್ಕೊಂದು ಸಾಲು ಮುರಿಯುತ್ತದೆ. ಶಾ-384 ಸರಿಯಾಗಿ 64 ಅಕ್ಷರವೇ ಆದ್ದರಿಂದ ವರ್ಷಗಟ್ಟಲೆ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಯಾರೋ ಒಂದು ದಿನ ‘ಇನ್ನೂ ಗಟ್ಟಿ ಇರಲಿ’ ಎಂದು ಶಾ-512ಕ್ಕೆ ಬದಲಾಯಿಸುತ್ತಾರೆ. ಹ್ಯಾಶ್ 64 ಮತ್ತು 24 ಅಕ್ಷರಗಳ ಎರಡು ತುಂಡಾಗುತ್ತದೆ. ಇಂಟೆಗ್ರಿಟಿ ಅಟ್ರಿಬ್ಯೂಟ್‌ನಲ್ಲಿ ಖಾಲಿ ಜಾಗ ಅಂದರೆ ‘ಮುಂದಿನದು ಇನ್ನೊಂದು ಹ್ಯಾಶ್’ ಎಂದರ್ಥ. ಮೊದಲ ತುಂಡು ಅರ್ಧ ಹ್ಯಾಶ್, ತಾಳೆಯಾಗುವುದಿಲ್ಲ. ಎರಡನೆಯದಕ್ಕೆ ಅಲ್ಗಾರಿದಮ್ ಹೆಸರೇ ಇಲ್ಲ, ಬ್ರೌಸರ್ ಅದನ್ನು ಬಿಟ್ಟುಬಿಡುತ್ತದೆ. ಫೈಲ್ ಬ್ಲಾಕ್.

ಲೆಕ್ಕ ಹಾಕಿದ ಹ್ಯಾಶ್ ಖಾಲಿ ಫೈಲಿನದಾ?

ಬ್ರೌಸರ್ ತೋರಿಸಿದ ಹ್ಯಾಶ್ ಶಾ-256 ಆಗಿದ್ದು, ಅದು ಮೊದಲು 4, 7 ಎಂಬ ಎರಡು ಅಂಕಿ, ಆಮೇಲೆ ದೊಡ್ಡಕ್ಷರದ ಡಿ, ಇ, ಕ್ಯೂ ಎಂದು ಶುರುವಾದರೆ ಅಲ್ಲೇ ನಿಲ್ಲಿ. ಅದು ಸೊನ್ನೆ ಬೈಟ್‌ನ ಖಾಲಿ ಫೈಲಿನ ಹ್ಯಾಶ್. ಶಾ-384ರಲ್ಲಾದರೆ ಖಾಲಿ ಫೈಲಿನದು ಓ, ಎಲ್, ಬಿ ದೊಡ್ಡಕ್ಷರಗಳಿಂದ ಶುರುವಾಗುತ್ತದೆ. ಫೈಲಿನ ಒಳಗೆ ಏನು ಬದಲಾಗಿದೆ ಎಂದು ಹುಡುಕುತ್ತಾ ಕೂತರೆ ಪ್ರಯೋಜನವಿಲ್ಲ, ಏಕೆಂದರೆ ತಾಳೆ ನೋಡುವಾಗ ಬ್ರೌಸರ್‌ನ ಕೈಯಲ್ಲಿ ಏನೂ ಇರಲಿಲ್ಲ. ಸರ್ವರ್ ಖಾಲಿ ಉತ್ತರ ಕೊಟ್ಟಿದೆಯಾ, ಡಿಪ್ಲಾಯ್ ಆಗುವಾಗ ಫೈಲ್ ಅರ್ಧಕ್ಕೆ ನಿಂತಿತಾ, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಫೈಲನ್ನು ಖಾಲಿ ಮಾಡಿ ಕೊಟ್ಟಿತಾ ಎಂದು ನೋಡಿ. ಎಕ್ಸ್‌ಟೆನ್ಷನ್ ಅನುಮಾನಕ್ಕೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಮ್ಮೆ ತೆರೆದರೆ ಸಾಕು.

ಇದರ ಅಣ್ಣತಮ್ಮನಂಥ ಇನ್ನೊಂದು ದೋಷವಿದೆ. ಫೈಲ್ ಇಲ್ಲದ ವಿಳಾಸ ಕೇಳಿದರೂ 404 ಕೊಡದೆ, ಮುಖಪುಟದ ಎಚ್‌ಟಿಎಂಎಲ್ಲನ್ನೇ 200 ಎಂದು ಕಳಿಸುವ ಸರ್ವರ್‌ಗಳಿವೆ. ಒಂದೇ ಪುಟದ ಆಪ್‌ಗಳಿಗೆ ಹೀಗೆ ಹೊಂದಿಸಿರುತ್ತಾರೆ. ಆಗ ಬ್ರೌಸರ್ ಮುಖಪುಟದ ಹ್ಯಾಶನ್ನು ನಿಮ್ಮ ಸ್ಕ್ರಿಪ್ಟ್‌ನ ಹ್ಯಾಶ್ ಜೊತೆ ತಾಳೆ ನೋಡುತ್ತದೆ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ರೆಸ್ಪಾನ್ಸ್‌ನ ಮೊದಲ ಸಾಲು ‘ಡಾಕ್‌ಟೈಪ್’ ಎಂದಿದ್ದರೆ ಅದೇ ಕಥೆ. ಹೋಟೆಲ್, ವಿಮಾನ ನಿಲ್ದಾಣದ ವೈಫೈ ಲಾಗಿನ್ ಪುಟಗಳೂ ಹೀಗೆ ಅಡ್ಡ ಬರಬಹುದು.

ಎಷ್ಟು ಬೈಟ್ ವ್ಯತ್ಯಾಸ?

ಈಗ ನಿಜವಾದ ಹುಡುಕಾಟ. ಹ್ಯಾಶ್ ನೆಟ್ಟಗಿದೆ, ಫೈಲ್ ಖಾಲಿ ಇಲ್ಲ, ಆದರೂ ತಾಳೆಯಾಗುತ್ತಿಲ್ಲ. ಹ್ಯಾಶ್ ತೆಗೆದಾಗಿನ ಮೂಲ ಫೈಲ್ ಒಂದು, ಸರ್ವರ್ ಈಗ ಕೊಡುತ್ತಿರುವ ಫೈಲ್ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಸರ್ವರ್‌ನದನ್ನು ಕರ್ಲ್ ಎಂಬ ಡೌನ್‌ಲೋಡ್ ಕಮಾಂಡ್‌ನಿಂದ ನೇರ ಡಿಸ್ಕ್‌ಗೆ ಇಳಿಸಿ. ಬ್ರೌಸರ್‌ನಲ್ಲಿ ತೆರೆದು, ಎಲ್ಲ ಸೆಲೆಕ್ಟ್ ಮಾಡಿ, ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿದರೆ ಅದು ಬೇರೆಯೇ ಫೈಲ್ ಆಗಿಬಿಡುತ್ತದೆ. ಹಳೆಯ ವಿಂಡೋಸ್ ಪವರ್‌ಶೆಲ್‌ನಲ್ಲಿ ‘ಗ್ರೇಟರ್ ದ್ಯಾನ್’ ಗುರುತು ಹಾಕಿ ಫೈಲಿಗೆ ಬರೆಸಿದರೂ ಕೆಡುತ್ತದೆ, ಅದು ಯುಟಿಎಫ್-16ರಲ್ಲಿ ಬರೆದು ಫೈಲಿನ ಗಾತ್ರವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡುತ್ತದೆ.

ಗಮನಿಸಿ, ಬ್ರೌಸರ್ ಹ್ಯಾಶ್ ಲೆಕ್ಕ ಹಾಕುವುದು ಜಿಜಿಪ್ ಅಥವಾ ಬ್ರಾಟ್ಲಿ ಕಂಪ್ರೆಷನ್ ಬಿಚ್ಚಿದ ಮೇಲೆ. ಹಾಗಾಗಿ ಸರ್ವರ್‌ನಲ್ಲಿ ಕಂಪ್ರೆಷನ್ ಆನ್ ಮಾಡಿದ್ದರಿಂದ ಹ್ಯಾಶ್ ಕೆಡುವುದಿಲ್ಲ. ಆದರೆ ನೀವು ಕರ್ಲ್‌ಗೆ ‘ಆಕ್ಸೆಪ್ಟ್-ಎನ್‌ಕೋಡಿಂಗ್’ ಹೆಡರ್ ಕೊಟ್ಟು, ಬಿಚ್ಚುವ ಆಯ್ಕೆ ಕೊಡದಿದ್ದರೆ ಡಿಸ್ಕ್‌ನಲ್ಲಿ ಕೂರುವುದು ಜಿಜಿಪ್ ಫೈಲ್. ಮೊದಲ ಎರಡು ಬೈಟ್ ಹೆಕ್ಸ್‌ನಲ್ಲಿ ‘1ಎಫ್ 8ಬಿ’ ಎಂದಿದ್ದರೆ ನೀವು ಹಿಡಿದಿರುವುದು ತಪ್ಪು ಫೈಲು.

ಎರಡೂ ಫೈಲ್ ಸಿಕ್ಕಿದ ಮೇಲೆ ಡಿಫ್ (ಎರಡರ ನಡುವಿನ ವ್ಯತ್ಯಾಸ) ನೋಡುವ ಮೊದಲು ಗಾತ್ರ ನೋಡಿ, ಬೈಟ್ ಲೆಕ್ಕದಲ್ಲಿ. ವ್ಯತ್ಯಾಸದ ಸಂಖ್ಯೆಯೇ ಅರ್ಧ ಉತ್ತರ ಹೇಳುತ್ತದೆ.

ಒಂದು ಬೈಟ್ ವ್ಯತ್ಯಾಸ ಇದ್ದರೆ ಫೈಲಿನ ಕೊನೆಯಲ್ಲಿ ಒಂದು ಹೊಸ ಸಾಲು ಸೇರಿದೆ ಅಥವಾ ಹೋಗಿದೆ. ಸೇವ್ ಮಾಡುವಾಗ ಕೊನೆಗೆ ಖಾಲಿ ಸಾಲು ಸೇರಿಸುವ ಎಡಿಟರ್‌ಗಳು ಬೇಕಾದಷ್ಟಿವೆ. ನೀವು ಏನೂ ಬದಲಿಸದೆ ಸುಮ್ನೆ ಸೇವ್ ಒತ್ತಿದರೂ ಸಾಕು.

ವ್ಯತ್ಯಾಸ ಫೈಲಿನ ಒಟ್ಟು ಸಾಲುಗಳಷ್ಟೇ ಇದ್ದರೆ ಅದು ಸಾಲಿನ ಅಂತ್ಯದ ಗೊಂದಲ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಬೈಟ್ ಹಾಕುತ್ತದೆ, ಲಿನಕ್ಸ್ ಒಂದು. ವಿಂಡೋಸ್‌ಗಾಗಿ ಇರುವ ಗಿಟ್, ಇನ್‌ಸ್ಟಾಲ್ ಮಾಡುವಾಗ ಆಯ್ಕೆ ಬದಲಿಸದಿದ್ದರೆ, ಫೈಲ್ ಹೊರತೆಗೆಯುವಾಗ ವಿಂಡೋಸ್ ರೀತಿಗೆ ತಿರುಗಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ತೆಗೆದ ಹ್ಯಾಶ್ ಒಂದು, ಲಿನಕ್ಸ್ ಸರ್ವರ್‌ನಲ್ಲಿ ಬಿಲ್ಡ್ ಆದ ಫೈಲಿನದು ಇನ್ನೊಂದು. ಟೀಮ್‌ನಲ್ಲಿ ಒಬ್ಬರಿಗೆ ಮಾತ್ರ ತಾಳೆಯಾಗುತ್ತದೆ, ಉಳಿದವರಿಗೆ ಇಲ್ಲ ಅಂದಾಗ ನಾನು ಮೊದಲು ಕೇಳುವ ಪ್ರಶ್ನೆ ‘ಯಾರದು ವಿಂಡೋಸ್?’ ಎಂದೇ. ಹೊರಗಿನ ಲೈಬ್ರರಿಗಳಿರುವ ಫೋಲ್ಡರ್ ಮುಟ್ಟಬಾರದು ಎಂದು ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ‘ಮೈನಸ್ ಟೆಕ್ಸ್ಟ್’ ಬರೆದುಬಿಟ್ಟರೆ ಈ ಕಾಟ ತಪ್ಪುತ್ತದೆ. ಹ್ಯಾಶ್ ತೆಗೆಯುವುದನ್ನು ಲ್ಯಾಪ್‌ಟಾಪ್‌ನಲ್ಲಿ ಮಾಡದೆ, ಫೈಲ್ ಹೊರಗೆ ಹೋಗುವ ಜಾಗದಲ್ಲೇ ಮಾಡುವುದು ಇನ್ನೂ ಒಳ್ಳೆಯದು.

ಮೂರು ಬೈಟ್ ಜಾಸ್ತಿಯಿದ್ದರೆ ಎರಡು ಸಾಧ್ಯತೆ. ಒಂದು, ಫೈಲಿನ ಮೊದಲಲ್ಲಿ ಬಿಓಎಂ ಎಂಬ ಎನ್‌ಕೋಡಿಂಗ್ ಗುರುತು ಕೂತಿದೆ. ‘ಇಎಫ್ ಬಿಬಿ ಬಿಎಫ್’ ಎಂಬ ಈ ಮೂರು ಬೈಟ್ ಎಡಿಟರ್‌ನಲ್ಲಿ ಕಾಣುವುದೇ ಇಲ್ಲ. ಇನ್ನೊಂದು ಸಾಧ್ಯತೆಯನ್ನು ಕನ್ನಡದಲ್ಲಿ ಸೈಟ್ ಮಾಡುವವರು ಖಂಡಿತ ತಿಳಿದಿರಬೇಕು.

ಸೈಟಿನ ಕನ್ನಡ ಸಂದೇಶಗಳೆಲ್ಲ ಒಂದು ಸ್ಕ್ರಿಪ್ಟ್ ಫೈಲಿನಲ್ಲಿವೆ ಅಂದುಕೊಳ್ಳಿ. ಅದರಲ್ಲಿ ‘ಫೋನ್ ನಂಬರ್ ಕೊಡಿ’ ಎಂಬ ಸಾಲು ಇದೆ. ‘ಕೊಡಿ’ಯ ‘ಕೊ’ ಬರೆಯಲು ಯುನಿಕೋಡ್‌ನಲ್ಲಿ ಎರಡು ದಾರಿ ಇದೆ. ‘ಕ’ದ ನಂತರ ‘ೊ’ ಎಂಬ ಒಂದೇ ಸಂಕೇತ ಇಡಬಹುದು. ಇಲ್ಲವೇ ‘ೆ’ ಮತ್ತು ‘ೂ’ ಎಂಬ ಎರಡು ಸಂಕೇತ ಒಂದರ ಹಿಂದೆ ಒಂದು ಇಡಬಹುದು. ಯುನಿಕೋಡ್ ಪ್ರಕಾರ ಎರಡೂ ಸಮ, ಪರದೆಯ ಮೇಲೂ ಒಂದೇ ಥರ ಕಾಣುತ್ತವೆ. ಆದರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಮೊದಲ ರೀತಿಯಲ್ಲಿ ‘ಕೊಡಿ’ ನಾಲ್ಕು ಸಂಕೇತ, 12 ಬೈಟ್. ಎರಡನೆಯದರಲ್ಲಿ ಐದು ಸಂಕೇತ, 15 ಬೈಟ್. ಸಂದೇಶದ ಫೈಲ್ ಅನುವಾದಕರ ಕೈಗೆ ಹೋಗಿ, ಸ್ಪ್ರೆಡ್‌ಶೀಟ್ ಹೊಕ್ಕು, ಇನ್ಯಾವುದೋ ಟೂಲ್ ದಾಟಿ ಬರುವಷ್ಟರಲ್ಲಿ ಒಂದು ಕಡೆ ಒಂದು ರೂಪ ಇನ್ನೊಂದಾಗಿದ್ದರೆ ಹ್ಯಾಶ್ ತಾಳೆಯಾಗುವುದಿಲ್ಲ. ಕಣ್ಣಿಂದ ಎಷ್ಟು ಸಲ ಓದಿದರೂ ವ್ಯತ್ಯಾಸ ಸಿಗುವುದಿಲ್ಲ. ‘ೋ’ ಇದ್ದರಂತೂ ಮೂರು ತುಂಡಾಗಬಹುದು. ಹಾಗೆಯೇ ‘ಸ್ಕೂಲ್‌ಗೆ’ ಎಂಬಂಥ ಪದಗಳಲ್ಲಿ ಒತ್ತು ಕೂಡದಂತೆ ತಡೆಯಲು ಹಾಕುವ, ಕಣ್ಣಿಗೆ ಕಾಣದ ಜೋಡಿಮುರುಕ ಸಂಕೇತವೂ ಮೂರು ಬೈಟೇ. ಯಾವುದೋ ಟೂಲ್ ಅದನ್ನು ‘ಕಸ’ ಎಂದು ಗುಡಿಸಿ ಹಾಕಿದರೆ ಅಕ್ಷರ ಕೆಡುವುದು ಒಂದು, ಹ್ಯಾಶ್ ಕೆಡುವುದು ಇನ್ನೊಂದು.

ಇದನ್ನು ಹಿಡಿಯಲು ಹೆಕ್ಸ್ ರೂಪದಲ್ಲಿ ಡಿಫ್ ನೋಡಬೇಕು, ಬೈಟ್‌ಗಳನ್ನು ಹೆಕ್ಸ್‌ನಲ್ಲಿ ತೋರಿಸುವ ಎಕ್ಸ್‌ಎಕ್ಸ್‌ಡಿ ಕಮಾಂಡ್ ಇದ್ದರೆ ಸಾಕು. ‘ೊ’ ಒಂದೇ ಸಂಕೇತವಾಗಿದ್ದರೆ ‘ಇ0 ಬಿ3 8ಎ’ ಎಂಬ ಬೈಟ್‌ಗಳು ಕಾಣುತ್ತವೆ. ಪರಿಹಾರ: ಬಿಲ್ಡ್‌ನಲ್ಲಿ ಎಲ್ಲ ಸಂದೇಶಗಳನ್ನೂ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯುನಿಕೋಡ್ ರೂಪ) ತಂದು, ಅದಾದ ಮೇಲೆ ಹ್ಯಾಶ್ ಲೆಕ್ಕ ಹಾಕಿ. ಕ್ರಮ ಹಿಂದುಮುಂದಾದರೆ ಪ್ರಯೋಜನವಿಲ್ಲ.

ವ್ಯತ್ಯಾಸ ಸಾವಿರಾರು ಬೈಟ್ ಇದ್ದು, ಸರ್ವರ್‌ನ ಫೈಲ್ ಚಿಕ್ಕದಿದ್ದರೆ ಯಾರೋ ದಾರಿಯಲ್ಲಿ ಅದನ್ನು ಮಿನಿಫೈ ಮಾಡಿದ್ದಾರೆ, ಅಂದರೆ ಖಾಲಿ ಜಾಗ, ಟಿಪ್ಪಣಿ ಎಲ್ಲ ತೆಗೆದು ಚಿಕ್ಕದು ಮಾಡಿದ್ದಾರೆ. ಸರ್ವರ್‌ನದು ದೊಡ್ಡದಿದ್ದು, ಕೊನೆಯಲ್ಲೋ ನಡುವಿನಲ್ಲೋ ನಿಮಗೆ ಗೊತ್ತಿಲ್ಲದ ಕೋಡ್ ಕಂಡರೆ, ಅರ್ಥವಾಗದ ಹಾಗೆ ಕಲಸಿದ ಒಂದು ಉದ್ದ ಸಾಲು ಕಂಡರೆ, ಕೆಲಸ ನಿಲ್ಲಿಸಿ. ಆ ಫೈಲನ್ನು ಸಾಕ್ಷಿಗೆ ಎತ್ತಿಟ್ಟುಕೊಂಡು ಸೆಕ್ಯುರಿಟಿ ನೋಡಿಕೊಳ್ಳುವವರಿಗೆ ಹೇಳಿ. ಎಸ್‌ಆರ್‌ಐ ಇರುವುದೇ ಈ ಒಂದು ಸಂದರ್ಭಕ್ಕೆ.

ದಾರಿಯಲ್ಲಿ ಕೈಯಾಡಿಸುವವರು

ಮಿನಿಫೈ ಮಾಡಿದವರು ಹೆಚ್ಚಾಗಿ ನಿಮ್ಮ ಸರ್ವರ್ ಮುಂದೆಯೇ ಕೂತಿರುವ ಸಿಡಿಎನ್ (ಫೈಲುಗಳ ಪ್ರತಿ ಇಟ್ಟುಕೊಂಡು ಹಂಚುವ ಸರ್ವರ್ ಜಾಲ) ಅಥವಾ ಸೈಟ್ ವೇಗ ಮಾಡುವ ಪ್ಲಗಿನ್. ಸೆಟ್ಟಿಂಗ್ಸ್‌ನಲ್ಲಿ ಆಪ್ಟಿಮೈಸ್ ಮಾಡುವ ಆಯ್ಕೆಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ನಿಮ್ಮದೇ ಸರ್ವರ್ ಆದರೆ ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ ‘ನೋ-ಟ್ರಾನ್ಸ್‌ಫಾರ್ಮ್’ ಸೇರಿಸಿ. ‘ಒಳಗಿನದನ್ನು ಬದಲಿಸಬೇಡ’ ಎಂದು ನಡುವಿನವರಿಗೆ ಹೇಳುವ ಅಧಿಕೃತ ದಾರಿ ಅದು.

ವಿಳಾಸದಲ್ಲೇ ತಪ್ಪಿರುವುದೂ ಉಂಟು. ಲೈಬ್ರರಿಯ ಹೆಸರಿನ ಮುಂದೆ ‘ಲೇಟೆಸ್ಟ್’ ಎಂದೋ, ಬರೀ 3 ಎಂದೋ ಇದ್ದರೆ ಹೊಸ ಆವೃತ್ತಿ ಬಂದ ದಿನ ಫೈಲ್ ಬದಲಾಗುತ್ತದೆ, ನಿಮ್ಮ ಪುಟ ನಿಲ್ಲುತ್ತದೆ. ಹ್ಯಾಶ್ ಹಾಕುವುದಾದರೆ ಆವೃತ್ತಿಯ ಮೂರೂ ಅಂಕಿ ಪೂರ್ತಿ ಬರೆಯಬೇಕು. ಜೆಎಸ್‌ಡೆಲಿವರ್‌ನಂಥ ಕಡೆ ಲೇಖಕರು ಮಿನಿಫೈ ಮಾಡಿದ ಫೈಲ್ ಕೊಟ್ಟಿರದಿದ್ದರೆ ಸಿಡಿಎನ್ ತಾನೇ ಮಾಡಿಕೊಡುತ್ತದೆ. ನಾಳೆ ಅವರ ಮಿನಿಫೈ ಟೂಲ್ ಬದಲಾದರೆ ಬೈಟ್‌ಗಳೂ ಬದಲಾಗಬಹುದು. ಅಂಥ ಫೈಲಿಗೆ ಹ್ಯಾಶ್ ಹಾಕಬೇಡಿ, ಲೇಖಕರೇ ಪ್ರಕಟಿಸಿದ ಫೈಲ್ ಬಳಸಿ.

ಒಬ್ಬರಿಗೆ ಬರುತ್ತದೆ, ಇನ್ನೊಬ್ಬರಿಗೆ ಇಲ್ಲ. ಆಫೀಸಿನಲ್ಲಿ ಬರುವುದಿಲ್ಲ, ಮನೆಯಲ್ಲಿ ಬರುತ್ತದೆ. ಇಂಥ ದೂರು ಬಂದಾಗ ಫೋನಿನ ಹಾಟ್‌ಸ್ಪಾಟ್ ಹಾಕಿ ನೋಡಿ. ಹಾಟ್‌ಸ್ಪಾಟ್‌ನಲ್ಲಿ ಸರಿಯಿದ್ದರೆ ಎಚ್‌ಟಿಟಿಪಿಎಸ್ ಬಿಚ್ಚಿ ನೋಡುವ ಆಫೀಸ್ ಪ್ರಾಕ್ಸಿ ಅಥವಾ ಆಂಟಿವೈರಸ್ ಮೇಲೆ ಕಣ್ಣಿಡಿ. ಎಲ್ಲ ಕಡೆ ಕೆಟ್ಟು, ಒಬ್ಬರ ಬ್ರೌಸರ್‌ನಲ್ಲಿ ಮಾತ್ರ ಸರಿಯಿದ್ದರೆ ಅವರದು ಹಳೆಯ ಕ್ಯಾಶ್. ತಿರುವುಮುರುವಾಗಿ, ಒಬ್ಬರದು ಮಾತ್ರ ಕೆಟ್ಟಿದ್ದರೆ ಸರ್ವಿಸ್ ವರ್ಕರ್ (ಸೈಟು ಬ್ರೌಸರ್‌ನಲ್ಲಿ ಇಟ್ಟಿರುವ, ಫೈಲ್ ಬೇಡಿಕೆಗೆ ತಾನೇ ಉತ್ತರಿಸುವ ಸ್ಕ್ರಿಪ್ಟ್) ಹಳೆಯ ಫೈಲ್ ಕೊಡುತ್ತಿರಬಹುದು. ಡೆವಲಪರ್ ಟೂಲ್ಸ್‌ನ ಅಪ್ಲಿಕೇಶನ್ ಟ್ಯಾಬ್‌ಗೆ ಹೋಗಿ ಅದನ್ನು ತೆಗೆದು ರೀಲೋಡ್ ಮಾಡಿ.

ಹೊಸ ಕೋಡ್ ಹಾಕಿದ ಮೊದಲ ಕೆಲವು ನಿಮಿಷ ಮಾತ್ರ ದೋಷ ಬಂದು ಆಮೇಲೆ ತಾನೇ ಹೋಯಿತಾ? ಹೊಸ ಪುಟ ಬಂದಿದೆ, ಸ್ಕ್ರಿಪ್ಟ್ ಇನ್ನೂ ಹಳೆಯದು. ಬೇಡಿಕೆಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದೆ ಎರಡು ಸರ್ವರ್ ಇದ್ದರೆ ಇದು ಮಾಮೂಲಿ. ಫೈಲಿನ ಹೆಸರಿನಲ್ಲೇ ಆವೃತ್ತಿ ಇಟ್ಟರೆ ಸಮಸ್ಯೆಯೇ ಇಲ್ಲ. ಹೆಸರು ಬದಲಿಸಲು ಆಗದಿದ್ದರೆ ಅಟ್ರಿಬ್ಯೂಟ್‌ನಲ್ಲಿ ಹಳೆಯ, ಹೊಸ ಎರಡೂ ಹ್ಯಾಶ್ ಖಾಲಿ ಜಾಗ ಬಿಟ್ಟು ಬರೆಯಬಹುದು, ಯಾವುದು ಹೊಂದಿದರೂ ನಡೆಯುತ್ತದೆ. ಆದರೆ ಎರಡೂ ಒಂದೇ ಅಲ್ಗಾರಿದಮ್ ಇರಬೇಕು. ಹಳೆಯದಕ್ಕೆ ಶಾ-256, ಹೊಸದಕ್ಕೆ ಶಾ-512 ಬರೆದರೆ ಬ್ರೌಸರ್ ಗಟ್ಟಿಯಾದ ಶಾ-512ನ್ನು ಮಾತ್ರ ನೋಡುತ್ತದೆ, ಹಳೆಯ ಫೈಲ್ ಬ್ಲಾಕ್ ಆಗುತ್ತದೆ.

ಮರುಕಳಿಸುವ, ಹಿಡಿಯಲು ಕಷ್ಟದ ಇನ್ನೊಂದು ದೋಷ ಕಾರ್ಸ್ ಮತ್ತು ಕ್ಯಾಶ್ ಸೇರಿ ಹುಟ್ಟುತ್ತದೆ. ಕೆಲವು ಸ್ಟೋರೇಜ್ ಸರ್ವರ್‌ಗಳು ಬೇಡಿಕೆಯಲ್ಲಿ ಒರಿಜಿನ್ ಹೆಡರ್ ಇದ್ದಾಗ ಮಾತ್ರ ಅನುಮತಿ ಹೆಡರ್ ಕಳಿಸುತ್ತವೆ. ಸೈಟಿನ ಒಂದು ಪುಟ ಅದೇ ಫೈಲನ್ನು ಕ್ರಾಸ್‌ಒರಿಜಿನ್ ಇಲ್ಲದೆ ತರಿಸಿದರೆ, ಅನುಮತಿ ಇಲ್ಲದ ಪ್ರತಿ ಕ್ಯಾಶ್ ಸೇರುತ್ತದೆ. ಮುಂದಿನ ಪುಟಕ್ಕೆ ಆ ಪ್ರತಿಯೇ ಸಿಕ್ಕಿ ಬ್ಲಾಕ್. ಕ್ಯಾಶ್ ಕ್ಲಿಯರ್ ಮಾಡಿದರೆ ಸರಿ, ಆಮೇಲೆ ಮತ್ತೆ ಅದೇ ರಾಗ. ಸರ್ವರ್ ‘ವೇರಿ: ಒರಿಜಿನ್’ ಹೆಡರ್ ಕಳಿಸಬೇಕು, ಅಥವಾ ಎಲ್ಲ ಪುಟಗಳ ಟ್ಯಾಗ್‌ನಲ್ಲೂ ಕ್ರಾಸ್‌ಒರಿಜಿನ್ ಇರಬೇಕು.

ಹ್ಯಾಶ್ ಹಾಕಲಾಗದ ಫೈಲುಗಳು

ಎಷ್ಟು ಸಲ ಹೊಸ ಹ್ಯಾಶ್ ಹಾಕಿದರೂ ಮತ್ತೆ ಮತ್ತೆ ಕೆಡುತ್ತಿದ್ದರೆ ನಿಮ್ಮದು ತಪ್ಪಿಲ್ಲ, ಫೈಲ್ ಅಂಥದ್ದು. ಗೂಗಲ್ ಫಾಂಟ್ಸ್‌ನ ಸ್ಟೈಲ್‌ಶೀಟ್ ಬ್ರೌಸರ್ ನೋಡಿ ಬೇರೆ ಬೇರೆ ಉತ್ತರ ಕೊಡುತ್ತದೆ. ಪಾವತಿ, ಅನಲಿಟಿಕ್ಸ್ ಸ್ಕ್ರಿಪ್ಟ್‌ಗಳಿಗೆ ಹೆಚ್ಚಾಗಿ ಆವೃತ್ತಿಯೇ ಇರುವುದಿಲ್ಲ, ಕೊಟ್ಟವರು ಬೇಕಾದಾಗ ಬದಲಿಸುತ್ತಾರೆ.

ಪಾಲಿಫಿಲ್ ಡಾಟ್ ಐಓ ಕೂಡ ಇಂಥದ್ದೇ ಆಗಿತ್ತು. ಬ್ರೌಸರ್‌ಗೆ ತಕ್ಕ ಹಾಗೆ ಬೇರೆ ಬೇರೆ ಕೋಡ್ ಕೊಡುವುದೇ ಅದರ ಕೆಲಸವಾದ್ದರಿಂದ ಹ್ಯಾಶ್ ಹಾಕುವ ಮಾತೇ ಇರಲಿಲ್ಲ. 2024ರ ಫೆಬ್ರವರಿಯಲ್ಲಿ ಫನ್‌ನಲ್ ಎಂಬ ಚೀನೀ ಕಂಪನಿ ಆ ಡೊಮೇನ್ ಕೊಂಡಿತು. ಮೊದಲು ಆ ಸೇವೆ ಕಟ್ಟಿದ್ದ ಆಂಡ್ರ್ಯೂ ಬೆಟ್ಸ್ ಆಗಲೇ ‘ನಿಮ್ಮ ಸೈಟಿನಿಂದ ಅದನ್ನು ತೆಗೆಯಿರಿ’ ಎಂದು ಎಚ್ಚರಿಸಿದ್ದರು. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ವರ್ಷ ಜೂನ್ 25ರಂದು ಸ್ಯಾನ್‌ಸೆಕ್ ಎಂಬ ಸೆಕ್ಯುರಿಟಿ ಸಂಸ್ಥೆ, ಮೊಬೈಲ್ ಬಳಕೆದಾರರನ್ನು ಬೆಟ್ಟಿಂಗ್ ಸೈಟಿಗೆ ಎಳೆಯುವ ಕೋಡ್ ಆ ಸ್ಕ್ರಿಪ್ಟ್ ಒಳಗಿಂದ ಬರುತ್ತಿದೆ ಎಂದು ಬಯಲು ಮಾಡಿತು. 1 ಲಕ್ಷಕ್ಕೂ ಹೆಚ್ಚು ಸೈಟುಗಳು ಆ ಸ್ಕ್ರಿಪ್ಟ್ ಬಳಸುತ್ತಿದ್ದವು.

ಹಾಗಾಗಿ ಹ್ಯಾಶ್ ನಿಲ್ಲದ ಫೈಲ್ ಸಿಕ್ಕರೆ ಅಟ್ರಿಬ್ಯೂಟ್ ತೆಗೆದು ಮುಂದೆ ಹೋಗುವ ಬದಲು, ಆ ಫೈಲ್ ನಮಗೆ ಬೇಕೇ ಬೇಕಾ ಎಂದು ಕೇಳಿಕೊಳ್ಳಿ. ಫಾಂಟ್ ಆದರೆ ನಿಮ್ಮ ಸರ್ವರ್‌ಗೇ ತಂದಿಟ್ಟುಕೊಳ್ಳಬಹುದು. ಪಾವತಿ ಸ್ಕ್ರಿಪ್ಟ್ ತಂದಿಟ್ಟುಕೊಳ್ಳಲು ಕೊಡುವವರು ಒಪ್ಪುವುದಿಲ್ಲ. ಅದನ್ನು ಹಣ ಕಟ್ಟುವ ಪುಟಕ್ಕೆ ಮಾತ್ರ ಸೀಮಿತ ಮಾಡಿ, ಉಳಿದ ಪುಟಗಳಿಂದ ತೆಗೆಯಿರಿ. ಸ್ಟೈಲ್‌ಶೀಟ್‌ಗೆ ಹ್ಯಾಶ್ ಹಾಕಿದರೂ ಅದರೊಳಗಿಂದ ಇಂಪೋರ್ಟ್ ಆಗುವ ಇನ್ನೊಂದು ಸ್ಟೈಲ್‌ಶೀಟ್, ಫಾಂಟ್, ಚಿತ್ರ ಯಾವುದೂ ತಪಾಸಣೆಗೆ ಒಳಪಡುವುದಿಲ್ಲ ಎಂಬುದೂ ನೆನಪಿರಲಿ.

ಏನೂ ದೂರು ಇಲ್ಲದಿದ್ದಾಗ

ಕೊನೆಯದಾಗಿ ಕೆಂಪು ಸಾಲೇ ಬರದ ದೋಷ. ನನಗೆ ಇದರ ಭಯವೇ ಜಾಸ್ತಿ. ಶಾ-384 ಎಂದು ಬರೆಯುವಲ್ಲಿ ಬೆರಳು ತಪ್ಪಿ ಶಾ-348 ಆಗಿದೆ ಅಂದುಕೊಳ್ಳಿ. ಅಂಥ ಅಲ್ಗಾರಿದಮ್ ಬ್ರೌಸರ್‌ಗೆ ಗೊತ್ತಿಲ್ಲ. ಆಗ ಅದು ಫೈಲನ್ನು ಬ್ಲಾಕ್ ಮಾಡುವುದಿಲ್ಲ, ಹ್ಯಾಶನ್ನೇ ಕಡೆಗಣಿಸಿ ಫೈಲನ್ನು ಓಡಿಸಿಬಿಡುತ್ತದೆ. ಎಂಡಿ5 ಅಥವಾ ಶಾ-1 ಬರೆದರೂ ಅಷ್ಟೇ. ಅಟ್ರಿಬ್ಯೂಟ್‌ನ ಹೆಸರಿನ ಸ್ಪೆಲ್ಲಿಂಗ್ ತಪ್ಪಿದ್ದರೂ ಅಷ್ಟೇ. ಕನ್ಸೋಲ್‌ನಲ್ಲಿ ಹೆಚ್ಚೆಂದರೆ ಒಂದು ಎಚ್ಚರಿಕೆ ಸಾಲು ಬರಬಹುದು, ಪುಟ ಚೆನ್ನಾಗಿ ಓಡುತ್ತಿರುವಾಗ ಅದನ್ನು ಯಾರು ನೋಡುತ್ತಾರೆ, ಅಲ್ವಾ?

ಪತ್ತೆಗೆ ಇರುವುದು ಒಂದೇ ದಾರಿ. ಟೆಸ್ಟ್ ಸರ್ವರ್‌ನಲ್ಲಿ, ಹೈಫನ್ ನಂತರದ ಹ್ಯಾಶ್‌ನ ನಡುವಿನ ಒಂದು ಅಕ್ಷರವನ್ನು ಬೇಕೆಂದೇ ಬದಲಿಸಿ. ಎಣಿಕೆ ಕೆಡಬಾರದು, ಎ ಇದ್ದಲ್ಲಿ ಬಿ ಮಾಡಿ ಅಷ್ಟೇ. ಕ್ಯಾಶ್ ಇಲ್ಲದೆ ರೀಲೋಡ್ ಮಾಡಿ. ಪುಟ ಕೆಟ್ಟರೆ ಕಾವಲು ಎಚ್ಚರವಾಗಿದೆ, ಅಕ್ಷರ ವಾಪಸ್ ಹಾಕಿ. ಪುಟ ಏನೂ ಆಗದಂತೆ ಓಡಿದರೆ ಅಲ್ಲಿ ತಪಾಸಣೆ ನಡೆಯುತ್ತಲೇ ಇಲ್ಲ. ಟ್ಯಾಗನ್ನು ಅಕ್ಷರ ಅಕ್ಷರವಾಗಿ ಓದಿ. ಪುಟದಲ್ಲಿ ಹ್ಯಾಶ್ ಇರುವ ಟ್ಯಾಗ್ ಎಷ್ಟಿವೆಯೋ ಅಷ್ಟಕ್ಕೂ ಬೇರೆ ಬೇರೆಯಾಗಿ ಇದನ್ನು ಮಾಡಬೇಕು, ಒಂದು ಸರಿಯಿದೆ ಎಂದು ಪಕ್ಕದ್ದನ್ನು ನಂಬುವ ಹಾಗಿಲ್ಲ.